ಚೌಡಯ್ಯನ ಕಾರು ಕುಡಿದ ನೀರು

ನಾಲೆಗೆ ಬಿದ್ದ ಎತ್ತನ್ನು ಮೂಗುದಾರ ಹಿಡಿದು ಒಬ್ಬನೇ ದಡಕ್ಕೆಳೆದ ಗಂಡಸು ಚೌಡಯ್ಯ. ಅಂಥವನು ಒಂದು ಮುಳ್ಳಿಗೆ ಹೆದರಿ ಸಾಯುತ್ತಿದ್ದ ಎಂದರೆ ಅಕ್ಕಿಹೆಬ್ಬಾಳಿನ ಸುತ್ತಮುತ್ತ ಯಾರೂ ನಂಬುತ್ತಿರಲಿಲ್ಲ. ಅವನ ಹಳೆಯ ಡೀಸೆಲ್ ಅಂಬಾಸಿಡರ್ ಕಾರಿನಲ್ಲಿ, ಸ್ಟೇರಿಂಗಿನ ಆಚೆ, ಇಂಜಿನ್ನಿನ ಕಾವು ತೋರಿಸುವ ಮುಳ್ಳು ಅದು. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದರೂ ಅವನ ಕಣ್ಣು ಮೊದಲು ಆ ಮುಳ್ಳಿನ ಕಡೆ ಹೋಗಿ, ಆಮೇಲೆ ಎಮ್ಮೆಯ ಕಡೆ ಬರುತ್ತಿತ್ತು.

ಹರೆಯದಲ್ಲಿ ಅವನು ಪಾಂಡವಪುರಕ್ಕೆ ಕಬ್ಬಿನ ಗಾಡಿ ಹೊಡೆದವನು. ಆಮೇಲೆ ಯಾರದೋ ಟ್ರಾಕ್ಟರು ಓಡಿಸಿದ. ನಲವತ್ತು ದಾಟಿದ ಮೇಲೆ, ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಬಿಟ್ಟ ಈ ಕಾರನ್ನು ಕೊಂಡು ಬಾಡಿಗೆಗೆ ಬಿಟ್ಟ. ಬಿಳಿ ಬಣ್ಣ ಹಳೆಯ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಆದರೂ ಮದುವೆ ಹೆಣ್ಣಿರಲಿ, ಹೊಟ್ಟೆನೋವಿನ ಮುದುಕನಿರಲಿ, ಊರಿಗೆ ಇದ್ದದ್ದು ಅದೊಂದೇ ಕಾರು. ಸ್ಟೇರಿಂಗ್ ಹಿಡಿದು ಕೂತರೆ ಚೌಡಯ್ಯನಿಗೆ ತಾನು ಅರ್ಧ ಅಮಲ್ದಾರ ಅನ್ನಿಸುತ್ತಿತ್ತು. ಆ ಗತ್ತು ಇಳಿದದ್ದು ತೊಂಬತ್ತೈದರ ಏಪ್ರಿಲ್ಲಿನಲ್ಲಿ.

ಅವತ್ತು ಮಗಳು ರಂಜಿತಳ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಕೆ.ಆರ್. ಪೇಟೆಯ ದಾರಿಯಲ್ಲಿ ಫ್ಯಾನ್ ಬೆಲ್ಟು ಹರಿದು ಇಂಜಿನ್ನು ಕುದಿಯಿತು. ಹೊತ್ತಾಯಿತೆಂಬ ಗಾಬರಿಯಲ್ಲಿ ಚೌಡಯ್ಯ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಒಳಗಿದ್ದ ಕುದಿನೀರು ಎದ್ದು ಬಂದು ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದುಬಿಟ್ಟಿತು. ರಂಜಿತ ಪರೀಕ್ಷೆಗೆ ಹೋಗಲಿಲ್ಲ. ಹಾಲ್ ಟಿಕೆಟ್ಟನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು, ನಾಲೆಯಿಂದ ನೀರು ತಂದು ತಂದು ಅಪ್ಪನ ಕೈಗೆ ಹುಯ್ಯುತ್ತ ಕೂತಳು. ಉಳಿದ ಐದೂ ವಿಷಯದಲ್ಲಿ ಪಾಸಾದಳು. ಗಣಿತದ ಮುಂದೆ ಮಾತ್ರ ಗೈರುಹಾಜರಿ ಎಂದು ಬಂತು.

ಚೌಡಯ್ಯನ ತಾಯಿ ಮಾರಮ್ಮನ ಬಾಯಿಗೆ ಬೀಗವಿಲ್ಲ. "ಅಕ್ಟೋಬರ್ ಪರೀಕ್ಷೆಲಿ ಪಾಸಾದ್ರೆ ಕಾಲೇಜ್ಗೆ ಓಗ್ಲಿ. ಇಲ್ದಿದ್ರೆ ಬೆಳಗೊಳದ ಗಂಡಿಗೆ ಮಾತು ಕೊಟ್ಬುಡ್ತೀನಿ," ಎಂದು ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟಳು. ಎದುರಾಡುವ ಧೈರ್ಯ ಚೌಡಯ್ಯನಿಗೆ ಎಲ್ಲಿಂದ ಬರಬೇಕು? ತಪ್ಪು ಅವನದು. ಮಗಳ ಮುಂದೆ ಮಾತ್ರ, ಸುಟ್ಟ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಈ ಸಲ ನಾನೇ ಒತ್ತಿಗೆ ಸರ್ಯಾಗಿ ಕರ್ಕೊಂಡೋಗಿ ಕೂರುಸ್ತೀನಿ ಕಣವ್ವ," ಎಂದ.

ಆ ಮಾತು ಕೊಟ್ಟ ಮೇಲೆ ಕಾರಿಗೆ ಏನಾದರೂ ಆದೀತೆಂಬ ಹೆದರಿಕೆ ಶುರುವಾಯಿತು. ಹೆದರಿದವನ ಮೇಲೆ ಕಪ್ಪೆ ಎಸೆದರಂತೆ ಎನ್ನುತ್ತಾರಲ್ಲ, ಹಾಗೆ ಸೆಪ್ಟೆಂಬರಿನಲ್ಲಿ ರೇಡಿಯೇಟರು ಸಣ್ಣಗೆ ಸೋರತೊಡಗಿತು. ಲಾರಿಯವರು ಇಂಥ ಸೋರಿಕೆಗೆ ಅರಿಶಿನದ ಪುಡಿ ಹಾಕುತ್ತಾರೆಂದು ಅವನು ಕೇಳಿದ್ದ. ಹೆಂಡತಿ ಪುಟ್ಟಗೌರಮ್ಮ ಹೊಲಕ್ಕೆ ಹೋಗಿದ್ದಳು. ಅರಿಶಿನದ ಡಬ್ಬಿ ಹುಡುಕಿದರೆ ತಳ ಕಾಣುತ್ತಿತ್ತು. ಪಕ್ಕದಲ್ಲಿ ರಾಗಿಹಿಟ್ಟಿನ ಡಬ್ಬ ತುಂಬಿತ್ತು. ಕಡುಬು ಬೇಯಿಸುವಾಗ ಪಾತ್ರೆಯ ಸಂದಿಯಿಂದ ಹಬೆ ಹೋಗದಂತೆ ಅವ್ವ ರಾಗಿಹಿಟ್ಟನ್ನೇ ಮೆತ್ತುತ್ತಿದ್ದದ್ದು ನೆನಪಾಯಿತು. ಪಾತ್ರೆಗೆ ಆಗುವುದು ರೇಡಿಯೇಟರಿಗೆ ಯಾಕಾಗಬಾರದು? ನಾಲ್ಕು ಹಿಡಿ ಹಿಟ್ಟನ್ನು ನೀರಿನಲ್ಲಿ ಕದಡಿ ಒಳಕ್ಕೆ ಸುರಿದ. ಮಾರನೆಯ ದಿನ ಸೋರಿಕೆ ನಿಂತಿತ್ತು.

ಒಳಗೊಳಗೇ ಹಿಗ್ಗಿದ. ಯಾರಿಗೂ ಹೇಳಲಿಲ್ಲ. ಕಾರಿಗೂ ಮುದ್ದೆ ತಿನ್ನಿಸಿದ ಎಂದು ಊರು ಆಡಿಕೊಂಡು ನಕ್ಕರೆ ಅರ್ಧ ಅಮಲ್ದಾರಿಕೆಯೂ ಉಳಿಯುತ್ತಿರಲಿಲ್ಲ.

ಎಂಟು ದಿನ ಕಳೆಯುವುದರೊಳಗೆ ಮುಳ್ಳು ಏರತೊಡಗಿತು. ಬೆಳಿಗ್ಗೆ ಕತ್ತಿನ ಮಟ್ಟ ತುಂಬಿದ ನೀರು ಸಂಜೆಗೆ ಒಂದೂವರೆ ಚೊಂಬು ಕಮ್ಮಿ. ಎಲ್ಲಿ ಹೋಯಿತು? ಪುಟ್ಟಗೌರಮ್ಮ ಸಗಣಿ ಸಾರಿಸಿದ ಅಂಗಳದ ಮೇಲೆ ಕಾರು ನಿಲ್ಲಿಸಿ, ಬೆಳಗಾಗೆದ್ದು ಮಂಡಿಯೂರಿ ಬಗ್ಗಿ ನೋಡಿದ. ಒಂದು ಹನಿಯ ಗುರುತಿಲ್ಲ. ಮೂರು ದಿನ ಹಾಗೇ ನೋಡಿದ. ಸೋರಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸೋರದೆ ಕಾಣೆಯಾಗುವ ನೀರು ಅವನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು.

ಪಾಂಡವಪುರದ ನರಸಯ್ಯ ಮೂವತ್ತು ವರ್ಷ ಕಬ್ಬಿನ ಲಾರಿಗಳ ಹೊಟ್ಟೆ ಬಗೆದ ಮೆಕ್ಯಾನಿಕ್ಕು. ಮಾತು ಕಮ್ಮಿ, ಕಿವಿ ಚುರುಕು. ಮೊದಲ ಸಲ ಪೈಪು, ಮುಚ್ಚಳ, ನೀರಿನ ಪಂಪು ಎಲ್ಲವನ್ನೂ ಬೆರಳಾಡಿಸಿ ನೋಡಿ, "ಆಚೆಗೆ ಎಲ್ಲೂ ಸೋರ್ತಿಲ್ಲ. ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ನೋಡವ," ಎಂದ. ಮಾರನೆಯ ದಿನ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಇಂಜಿನ್ನು ಶುರು ಮಾಡಿಸಿದ. ಮುಚ್ಚಳ ತೆಗೆಯುವಾಗ ಚೌಡಯ್ಯ ನಾಲ್ಕು ಹೆಜ್ಜೆ ಹಿಂದೆ ಸರಿದದ್ದನ್ನು ನೋಡಿಯೂ ನೋಡದಂತಿದ್ದ.

"ಬಾ ಇಲ್ಲಿ. ನೀರಿನ್ನೂ ಬೆಚ್ಚಗೂ ಆಗಿಲ್ಲ, ಗುಳ್ಳೆ ಏಳ್ತಾವೆ ನೋಡು."

ತಣ್ಣನೆಯ ನೀರಿನಲ್ಲಿ ಒಂದರ ಹಿಂದೊಂದು ಗುಳ್ಳೆ ಎದ್ದು ಒಡೆಯುತ್ತಿದ್ದವು. ನರಸಯ್ಯ ಹಿಂದಕ್ಕೆ ಹೋಗಿ ಹೊಗೆ ಕೊಳವೆಯ ಮುಂದೆ ಅಂಗೈ ಹಿಡಿದ. ಬಿಳಿ ಹೊಗೆ. ಅಂಗೈ ಒದ್ದೆಯಾಯಿತು.

"ನಿನ್ ಕಾರು ನೀರ್ ಕುಡೀತಾದೆ ಕಣಯ್ಯ. ಇಂಜಿನ್ನಿಗೂ ಮೇಲಿನ್ ಹೆಡ್ಡಿಗೂ ನಡುವೆ ಒಂದು ತಗಡಿರ್ತದಲ್ಲ ಗ್ಯಾಸ್ಕೆಟ್ಟು, ಅದು ಸುಟ್ಟೋಗದೆ. ನೀರು ಬೆಂಕಿಯೊಳಕ್ಕೆ ನುಗ್ತಾದೆ, ಬೆಂಕಿಯ ಗಾಳಿ ನೀರೊಳಕ್ಕೆ ಬತ್ತಾದೆ. ಅದ್ಕೇ ನೆಲದ್ಮೇಲೆ ಹನಿ ಇಲ್ಲ."

ಹೆಡ್ಡು ಬಿಚ್ಚಿ ಹೊಸ ಗ್ಯಾಸ್ಕೆಟ್ಟು ಕೂರಿಸಲು ಮೂರು ದಿನ ಹಿಡಿಯಿತು. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಕಾರು ಒಯ್ಯಲು ಹೋದಾಗ ರಂಜಿತಳೂ ಜೊತೆಗಿದ್ದಳು. ನರಸಯ್ಯ ಕೈ ಒರೆಸಿಕೊಳ್ಳುತ್ತ ಕೇಳಿದ: "ಗ್ಯಾಸ್ಕೆಟ್ಟು ಸುಮ್ಸುಮ್ನೆ ಸುಡಾಕಿಲ್ಲ. ಮೊದ್ಲು ಕಾವು ಏರಿ ಆಮೇಲೆ ಸುಡ್ತದೆ. ಮೊದ್ಲು ಯಾಕೆ ಕಾವೇರ್ತು? ನೀರ್ಯಾಕೆ ಇಂಗೆ ಅಂಬ್ಲಿ ಬಣ್ಣ? ಏನಾರ ಹಾಕಿದ್ಯಾ ಇದ್ರೊಳಕ್ಕೆ?"

ಗ್ಯಾರೇಜಿನಲ್ಲಿ ಹತ್ತು ಜನ ಇದ್ದರು. ಚೌಡಯ್ಯ ಅವರ ಕಡೆ ಒಮ್ಮೆ ನೋಡಿದ.

"ನಾನೇನ್ ಹಾಕ್ಲಣ್ಣ. ನಾಲೆ ನೀರು, ಕೆಮ್ಮಣ್ಣು ಸೇರದೆ."

"ಕಾರಣ ತಿಳೀದೆ ಕಟ್ಟಿದ್ದು ಎಷ್ಟು ದಿನ ನಿಂತಾತು? ನಿಂಗ್ಬುಟ್ಟಿದ್ದು," ಎಂದು ನರಸಯ್ಯ ಬೇರೆ ಗಾಡಿಯ ಕೆಳಗೆ ತೂರಿಕೊಂಡ. ರಂಜಿತ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ವೈದ್ಯರ ಹತ್ತಿರ ಸುಳ್ಳು ಹೇಳಬಾರದು ಎನ್ನುವುದು ಹಳೆಯ ಮಾತು. ಮೆಕ್ಯಾನಿಕ್ಕಿನ ಹತ್ತಿರವೂ ಹೇಳಬಾರದು ಎಂದು ಯಾರೂ ಅದಕ್ಕೆ ಸೇರಿಸಿರಲಿಲ್ಲ, ಅಷ್ಟೇ.

ಹಿಂದಿನ ದಿನವೇ ಹೋಗಿ ಪೇಟೆಯ ಚಿಕ್ಕಮ್ಮನ ಮನೆಯಲ್ಲಿರು ಎಂದು ಪುಟ್ಟಗೌರಮ್ಮ ಮಗಳಿಗೆ ಗೋಗರೆದಳು. ಊರಿನ ಮೊದಲ ಬಸ್ಸು ಪೇಟೆ ಮುಟ್ಟುವಷ್ಟರಲ್ಲಿ ಪರೀಕ್ಷೆ ಶುರುವಾಗಿರುತ್ತಿತ್ತು. ರಂಜಿತ ಒಪ್ಪಲಿಲ್ಲ. "ಅಪ್ಪನ್ ಕಾರಲ್ಲೇ ಓಗ್ತೀನಿ. ಮಗಳೇ ನಂಬ್ನಿಲ್ಲ ಅಂದ್ರೆ ಇನ್ನ್ಯಾರು ಹತ್ತಾರು?" ಎಂದಳು. ಒಳಗೆ ಕೂತು ಅದನ್ನು ಕೇಳಿಸಿಕೊಂಡ ಚೌಡಯ್ಯನಿಗೆ ಖುಷಿಯಾಗಬೇಕಿತ್ತು. ಅವನು ಎದ್ದು ಹೋಗಿ ಕಾರಿನ ನೀರನ್ನು ಮತ್ತೊಮ್ಮೆ ನೋಡಿದ.

ಪರೀಕ್ಷೆಯ ದಿನ ಎಂಟೂವರೆಗೇ ಹೊರಟರು. ಹಿಂದಿನ ಸೀಟಿನಲ್ಲಿ ಗಣಿತದಲ್ಲೇ ಬಿದ್ದಿದ್ದ ಇನ್ನಿಬ್ಬರು ಹುಡುಗಿಯರು ಸೂತ್ರಗಳನ್ನು ಮಂತ್ರದಂತೆ ಒದರುತ್ತಿದ್ದರು. ಐದು ಮೈಲಿ ಮುಳ್ಳು ಅಲ್ಲಾಡಲಿಲ್ಲ. ಹೇಮಗಿರಿಯ ಕಡೆ ಹೋಗುವ ತಿರುವು ದಾಟಿದ ಮೇಲೆ ಒಂದು ಕೂದಲೆಳೆ ಮೇಲೆದ್ದಿತು. ಚೌಡಯ್ಯ ಉಸಿರು ಬಿಗಿ ಹಿಡಿದ. ಇನ್ನೊಂದು ಎಳೆ. ನಿಧಾನ ಮಾಡಿದ. ಇಳಿಜಾರಿನಲ್ಲಿ ಗೇರು ತೆಗೆದು ಸುಮ್ಮನೆ ಉರುಳಲು ಬಿಟ್ಟ. ಮನೆದೇವರಿಗೆ ಹರಕೆ ಹೊತ್ತ. ಮುಳ್ಳಿಗೆ ದೇವರ ಭಯವೂ ಇರಲಿಲ್ಲ. ಏರುದಾರಿ ಬಂದದ್ದೇ ಅದು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಗಡಿಯಾರ ಒಂಬತ್ತು ಕಾಲು ತೋರಿಸುತ್ತಿತ್ತು. ಇನ್ನೂ ನಾಲ್ಕು ಮೈಲಿ ದಾರಿ. ಹತ್ತಕ್ಕೆ ಪರೀಕ್ಷೆ. ಅದೇ ದಾರಿ, ಅದೇ ಹಬೆ, ಅದೇ ಮಗಳು. ಅವನ ಕೈ ತನ್ನಷ್ಟಕ್ಕೆ ತಾನೇ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು.

"ಅಪ್ಪ, ಮುಟ್ಬ್ಯಾಡ!" ರಂಜಿತ ಚೀರಿದಳು.

ಅಷ್ಟರಲ್ಲಿ ಹಿಂದಿನಿಂದ ಹಾಲಿನ ಕ್ಯಾನುಗಳ ವ್ಯಾನು ಬಂತು. ಓಡಿಸುತ್ತಿದ್ದವನು ಪರಿಚಯದ ಕುಮಾರ್. ಇಬ್ಬರು ಹುಡುಗಿಯರು ಕ್ಯಾನುಗಳ ನಡುವೆ ಹತ್ತಿ ಕೂತರು. ರಂಜಿತ ಹತ್ತಲಿಲ್ಲ.

"ಓಗವ್ವ, ಒತ್ತಾಯ್ತದೆ," ಎಂದ ಚೌಡಯ್ಯ. ಅವನ ದನಿ ಅಳುವ ಹಾಗಿತ್ತು.

"ನಾನೋದ್ಮೇಲೆ ನೀನು ಮುಚ್ಚಳ ಬಿಚ್ತೀಯ."

"ಇಲ್ಲ ಕಣವ್ವ, ಆಣೆಗೂ ಇಲ್ಲ."

"ನರಸಯ್ಯಣ್ಣನ್ಗೂ ಇಂಗೇ ಇಲ್ಲ ಅಂದೆ. ನಿನ್ ಮಾತು ಎಂಗಪ್ಪ ನಂಬ್ಲಿ? ಏನ್ ಹಾಕ್ದೆ ಹೇಳು. ಹೇಳಿದ್ರೆ ಓಗ್ತೀನಿ."

ಕುಮಾರ್ ಹಾರನ್ ಹೊಡೆದ. ಮಗಳು ಕದಲಲಿಲ್ಲ. ನಗುವವರ ಭಯವೂ, ಬೆಳಗೊಳದ ಗಂಡಿನ ಭಯವೂ ಚೌಡಯ್ಯನೊಳಗೆ ಒಂದನ್ನೊಂದು ನೂಕಾಡಿದವು.

"ರಾಗಿಹಿಟ್ಟು ಹಾಕ್ದೆ ಕಣವ್ವ," ಎಂದ. "ಸೋರ್ತಿತ್ತು. ಅರಿಶಿನ ಇರ್ನಿಲ್ಲ. ನಾಲ್ಕು ಹಿಡಿ ಹಿಟ್ಟು ಹಾಕ್ಬುಟ್ಟೆ. ಅದು ಒಳಗೆ ಬೆಂದು ನಳಿಕೆಯೆಲ್ಲಾ ಕಟ್ಕೊಂಡದೆ. ನಂಗೊತ್ತಿತ್ತು. ಗೊತ್ತಿದ್ದೂ ಹೇಳ್ನಿಲ್ಲ."

ವ್ಯಾನಿನೊಳಗಿಂದ ಒಬ್ಬಳು ಕಿಸಕ್ಕನೆ ನಕ್ಕಳು. ರಂಜಿತ ನಗಲಿಲ್ಲ. ಹತ್ತಿರ ಬಂದು ಅಪ್ಪನ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡಳು. ಅದಿಲ್ಲದೆ ಆ ಮುಚ್ಚಳವನ್ನು ಅವನು ಮುಟ್ಟಲಾರನೆಂದು ಅವಳಿಗೆ ಗೊತ್ತಿತ್ತು. ಗ್ರೀಸಿನ ಆ ಟವೆಲ್ಲನ್ನು ಹಾಲ್ ಟಿಕೆಟ್ಟಿನ ಜೊತೆಗೆ ಎದೆಗೆ ಒತ್ತಿಕೊಂಡು ಓಡಿ ವ್ಯಾನು ಹತ್ತಿದಳು.

ವ್ಯಾನಿನ ಧೂಳು ಅಡಗಿದ ಮೇಲೆ ಚೌಡಯ್ಯ ಬೇವಿನ ಬುಡದಲ್ಲಿ ಕುಸಿದು ಕೂತ. ಒಂಬತ್ತೂವರೆ. ವ್ಯಾನಿನ ಟೈರು ಒಡೆದರೆ? ಒಂಬತ್ತು ಮುಕ್ಕಾಲು. ಗೇಟು ಹಾಕಿಬಿಟ್ಟರೆ? ಹತ್ತು ಗಂಟೆಯಾದಾಗ ಎದ್ದು ನಿಂತ, ಮತ್ತೆ ಕೂತ. ಅವಳು ಒಳಗೆ ಹೋದಳೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಬಾನೆಟ್ಟಿನ ಕೆಳಗೆ ರೇಡಿಯೇಟರು ಬುಸುಗುಡುತ್ತಿತ್ತು. ಮುಚ್ಚಳ ತೆಗೆದು, ನೀರು ಹುಯ್ದು, ಹೇಗಾದರೂ ಪೇಟೆಗೆ ಹೋಗಿ ಶಾಲೆಯ ಕಿಟಕಿಯಲ್ಲಿ ಒಮ್ಮೆ ಇಣುಕಿ ಬರೋಣ ಅನ್ನಿಸಿತು. ಪಂಚೆಯ ಚುಂಗನ್ನೇ ಕೈಗೆ ಸುತ್ತಿಕೊಂಡು ಕಾರಿನವರೆಗೂ ಹೋದ. ಆಮೇಲೆ ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ವಾಪಸು ಬಂದು ಕೂತ. ಅವನ ಜೀವಮಾನದಲ್ಲಿ ಅಷ್ಟು ಉದ್ದದ ಬೆಳಗು ಇನ್ನೊಂದಿಲ್ಲ.

ಎರಡು ಗಂಟೆಯ ಬಸ್ಸು ಬೇವಿನ ಮರದ ಹತ್ತಿರ ನಿಂತಿತು. ರಂಜಿತ ಇಳಿದಳು. ಟವೆಲ್ಲು ಅವಳ ಹೆಗಲ ಮೇಲಿತ್ತು.

"ಮುಟ್ಟಿಲ್ಲ ಕಣವ್ವ," ಎಂದ ಚೌಡಯ್ಯ, ಅವಳು ಕೇಳುವ ಮೊದಲೇ.

ಅವಳು ಅವನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಹಳೆಯ ಸುಟ್ಟ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. "ಐದು ನಿಮಿಷ ಮೊದ್ಲೇ ಕೂತಿದ್ದೆ ಕಣಪ್ಪ. ಒಂದು ಲೆಕ್ಕ ಬುಟ್ಟೆ. ಉಳಿದದ್ದೆಲ್ಲ ಬರ್ದೆ," ಎಂದಳು. ಚೌಡಯ್ಯ ರಸ್ತೆಯ ಮೇಲೇ, ಬಸ್ಸಿನವರೆಲ್ಲ ನೋಡುತ್ತಿರುವಾಗಲೇ, ಗೊಳೋ ಎಂದು ಅತ್ತುಬಿಟ್ಟ.

ಇಂಜಿನ್ನು ತಣ್ಣಗಾಗಿತ್ತು. ಅವಳು ಟವೆಲ್ಲು ಕೊಟ್ಟ ಮೇಲೆ ಅವನೇ ಮುಚ್ಚಳ ತಿರುಗಿಸಿದ. ಸೀದ ಮುದ್ದೆಯ ವಾಸನೆ ಬಂತು. ಟ್ರಾಕ್ಟರಿಗೆ ಕಟ್ಟಿ ಪಾಂಡವಪುರಕ್ಕೆ ಎಳೆಸಿಕೊಂಡು ಹೋದಾಗ ಗ್ಯಾರೇಜಿನಲ್ಲಿ ಮತ್ತೆ ಹತ್ತು ಜನ ಇದ್ದರು. ನರಸಯ್ಯ ಏನೂ ಕೇಳಲಿಲ್ಲ. ಚೌಡಯ್ಯ ಗಾಡಿಯಿಂದ ಇಳಿಯುತ್ತಲೇ ಎಲ್ಲರಿಗೂ ಕೇಳುವ ಹಾಗೆ, "ನರಸಯ್ಯಣ್ಣ, ರಾಗಿಹಿಟ್ಟು ಹಾಕಿದ್ದೆ," ಎಂದ. ಹತ್ತೂ ಜನ ಬಿದ್ದು ಬಿದ್ದು ನಕ್ಕರು. ನರಸಯ್ಯ ಮಾತ್ರ ನಗದೆ ಸ್ಪ್ಯಾನರು ಕೈಗೆ ತೆಗೆದುಕೊಂಡ. "ಅವತ್ತೇ ಅಂದಿದ್ರೆ ಅವತ್ತೇ ತೊಳ್ದು ಕೊಡ್ತಿದ್ದೆ ಕಣ್ಲಾ," ಎಂದ.

ರಂಜಿತಳಿಗೆ ಗಣಿತದಲ್ಲಿ ನಲವತ್ತೊಂದು ಬಂತು. ಮಾರಮ್ಮ ಬೆಳಗೊಳದವರಿಗೆ ಬೇರೆ ಹೆಣ್ಣು ನೋಡಿಕೊಳ್ಳಲು ಹೇಳಿ ಕಳಿಸಿದಳು. ಊರಿನವರು ಅವನನ್ನು ಮುದ್ದೆ ಚೌಡಯ್ಯ ಎಂದು ಕರೆಯಲು ಶುರು ಮಾಡಿದರು. ಕರೆದರೆ ಓಗೊಡುತ್ತಾನೆ. ಕಾರು ದಾರಿಯಲ್ಲಿ ಎಂದಾದರೂ ಕಾವೇರಿದರೆ ಅವನು ಮೊದಲು ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕದಲ್ಲಿ ಕೂತವರ ಕೈಗೆ ಕೊಡುತ್ತಾನೆ. ಆಮೇಲೆ ಇಳಿದು, ಕೈ ಕಟ್ಟಿಕೊಂಡು, ಮರದ ನೆರಳಿಗೆ ಹೋಗಿ ಕೂರುತ್ತಾನೆ.