ಎಣಿಸದ ಕುರಿಗಳು

“ನಮ್ಮನೇಲಿ ಯಾರೂ ಏನೂ ಎಣಿಸಲ್ಲ ಸಾರ್” ಎಂದು ಏಳನೇ ತರಗತಿಯ ಕಾವ್ಯ ಖಾಲಿ ಹಾಳೆ ತಂದುಕೊಟ್ಟಾಗ ನನಗೆ ಸಿಟ್ಟು ಬಂತು. ಮನೆಯಲ್ಲಿ ದಿನವೂ ಎಣಿಸುವುದನ್ನೆಲ್ಲ ಪಟ್ಟಿ ಮಾಡಿ ಗ್ರಾಫ್ ಬರೆಯಿರಿ ಎಂಬುದು ನಾನು ಕೊಟ್ಟಿದ್ದ ಗಣಿತದ ಪ್ರಾಜೆಕ್ಟ್. ಅವರದು ಕುರಿ ಸಾಕುವ ಮನೆ. ಸಂಜೆ ಸಾತನೂರು ಬಸ್‌ಸ್ಟಾಪಿನಲ್ಲಿ ಸಿಕ್ಕ ಅವಳ ಅಮ್ಮನನ್ನೇ ಕೇಳಿದೆ, “ಕುರೀನೂ ಎಣಿಸಲ್ವೇನಮ್ಮ?”

“ಎಣ್ಸಾದ್ ಯಾಕ್ ಮೇಷ್ಟ್ರೇ? ಸಂಜೆ ಕುರಿಗೋಳು ಮೇದು ರೊಪ್ಪಕ್ಕೆ ಬಂದಾಗ ಯಾವ್ದು ಬಂದಿಲ್ಲ ಅಂತ ನೋಡ್ತೀವಿ, ಅಷ್ಟೇಯ.”

ಮರುದಿನ ಎಂದಿನಂತೆ ಬಿಸಿಯೂಟಕ್ಕೆ ತಲೆ ಎಣಿಸಿ, ‘ಮೂವತ್ತೆರಡಕ್ಕೆ ಮೂವತ್ತೊಂದು’ ಎಂದು ಬರೆದ ಮೇಲೆ ಒಮ್ಮೆ ತಲೆಯೆತ್ತಿ ನೋಡಿದೆ. ಕಿಟಕಿ ಪಕ್ಕ ಒಂದು ಜಾಗ ಖಾಲಿಯಿತ್ತು. ಅಲ್ಲಿ ಯಾರು ಕೂರುತ್ತಿದ್ದರೆಂದು ಮಕ್ಕಳನ್ನೇ ಕೇಳಬೇಕಾಯಿತು.