ಖಾಲಿ ಚೌಕ ಮತ್ತು ಸಿದ್ದಮ್ಮನ ರೊಪ್ಪ

೧೯೭೪ರ ಬೇಸಿಗೆಯಲ್ಲಿ ನಾನು ಹಿರಿಯೂರಿನಲ್ಲಿ ಸ್ಟಾಟಿಸ್ಟಿಕಲ್ ಅಸಿಸ್ಟೆಂಟ್ ಆಗಿದ್ದೆ. ಜವನಗೊಂಡನಹಳ್ಳಿ ಕಡೆಯ ಒಂದು ಕಾವಲಿನಲ್ಲಿ, ಅಂದರೆ ಸರ್ಕಾರಿ ಹುಲ್ಲುಗಾವಲಿನಲ್ಲಿ, ಜಾಲಿಗಿಡ ಎಣಿಸುವ ಕೆಲಸ ಬಂತು. ಕುರಿಗಳಿಂದ ಗಿಡ ನಾಶವಾಗುತ್ತಿದೆ ಎಂದು ವರದಿಯಾದರೆ ಕಾವಲಿಗೆ ಬೇಲಿ ಬೀಳುತ್ತಿತ್ತು. ಅಲ್ಲೇ ಕುರಿ ಮೇಯಿಸಿಕೊಂಡಿದ್ದ ಸಿದ್ದಮ್ಮ, ಕರಿಯಪ್ಪ ದಂಪತಿ ಜಾಗ ಬಿಡಬೇಕಾಗುತ್ತಿತ್ತು.

ನೆಲದ ಮೇಲೆ ಹಗ್ಗದಿಂದ ಚೌಕ ಹಾಕಿ ಒಳಗಿನ ಗಿಡ ಎಣಿಸುವುದು ನಮ್ಮ ಪದ್ಧತಿ. ಮೊದಲ ಚೌಕದಲ್ಲಿ ಗಿಡಗಳು ಕಿಕ್ಕಿರಿದಿದ್ದವು. ಮುಂದಿನ ಮೂರರಲ್ಲಿ ಒಂದೂ ಇಲ್ಲ. ನಮ್ಮ ಮೇಲಧಿಕಾರಿ ಸಾಹೇಬರು ಜೀಪಿನಿಂದ ಇಳಿಯದೆಯೇ, "ನೋಡ್ರಿ, ಕುರಿ ಹೊಕ್ಕ ಕಡೆ ಬೋಳು. ಬರ್ದು ಕಳಿಸ್ರಿ" ಎಂದರು. ಜೀಪಿನಲ್ಲೇ ಕೂತು ತೀರ್ಪು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡೆ.

ಬಯಲಿನ ಗಿಡಗಳು ನಮಗೆ ಕಾಗದದ ಮೇಲಿನ ಚುಕ್ಕಿಗಳು. ಚೌಕವನ್ನು ಎತ್ತ ಸರಿಸಿದರೂ ಚುಕ್ಕಿ ಬೀಳುವ ಸಾಧ್ಯತೆಯ ನಿಯಮ ಬದಲಾಗದಿದ್ದರೆ ಆ ಹಂಚಿಕೆಯನ್ನು ಸ್ಟೇಷನರಿ, ಅಂದರೆ ಸ್ಥಿರ, ಎನ್ನುತ್ತೇವೆ. ಎಲ್ಲ ಚೌಕದಲ್ಲೂ ಒಂದೇ ಸಂಖ್ಯೆ ಇರಬೇಕೆಂದಲ್ಲ. ಗಿಡಗಳು ಗುಂಪಾಗಿ ಬೆಳೆದರೆ ನಡುವೆ ಖಾಲಿ ಜಾಗ ಇದ್ದೇ ಇರುತ್ತದೆ. ಆ ಗುಂಪುಗಳು ಎಲ್ಲಿ ಬೇಕಾದರೂ ಬೀಳಬಹುದಿತ್ತೇ ಎಂಬುದೇ ಪ್ರಶ್ನೆ.

ಆದರೆ ಗುಂಪು ಏಕೆ? ಸಿದ್ದಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ಅಂಥದೊಂದು ಗುಂಪಿನ ನೆರಳಲ್ಲಿ ಕುಳಿತಿದ್ದೆ.

"ನಮ್ಮ ದೊಡ್ಡ ಮಗಳು ಹುಟ್ಟಿದ ವರ್ಷ ಇಲ್ಲೇ ರೊಪ್ಪ ಇತ್ತು ಸ್ವಾಮಿ" ಎಂದರು ಆಕೆ. "ಸಣ್ಣೋಳು ನಡೆಯಾಕೆ ಕಲ್ತಿದ್ದು ಆ ದಿಣ್ಣೆ ಮ್ಯಾಲಿನ ರೊಪ್ಪದಾಗೆ."

ದಿಣ್ಣೆಯ ಮೇಲೂ ಜಾಲಿಯ ಗುಂಪೇ ಇತ್ತು. ರೊಪ್ಪವೆಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ಅದನ್ನವರು ವರ್ಷವರ್ಷವೂ ಹೊಸ ನೆಲಕ್ಕೆ ಸರಿಸುತ್ತಿದ್ದರು. ಥಟ್ಟನೆ ಹೊಳೆಯಿತು. ಕುರಿಗಳು ಜಾಲಿಕಾಯಿ ತಿಂದು ರೊಪ್ಪದಲ್ಲಿ ಹಿಕ್ಕೆ ಹಾಕುತ್ತವೆ, ಬೀಜ ಅಲ್ಲೇ ಮೊಳೆಯುತ್ತದೆ. ಹೇಳಿದಾಗ ಸಿದ್ದಮ್ಮ ನಕ್ಕರು. "ಹಂಗಾ? ಗಿಡ ತಿಂತಾವೆ ಅಂತ ನಾನೂ ಬೈತಿದ್ದೆ ಅವನ್ನ."

ಮರುದಿನ ಚೀಟಿ ಎತ್ತಿ ಕಾವಲಿನ ಉದ್ದಗಲಕ್ಕೂ ಚೌಕ ಹಾಕಿದೆವು. ದಿಣ್ಣೆ, ತಗ್ಗು, ರಸ್ತೆಬದಿ, ಎಲ್ಲೆಡೆ ಸರಾಸರಿ ಹೆಚ್ಚುಕಡಿಮೆ ಒಂದೇ ಬಂತು. ಖಾಲಿ ಚೌಕಗಳು ಗುಂಪುಗಳ ನಡುವಿನ ತೆರಪೇ ಹೊರತು ಕುರಿ ಬೋಳಿಸಿದ ಜಾಗವಲ್ಲ ಎಂದು ವರದಿ ಬರೆದೆ. ಸಾಹೇಬರು ಗೊಣಗುತ್ತಲೇ ಸಹಿ ಹಾಕಿದರು. ಬೇಲಿ ಬರಲಿಲ್ಲ.

ಸುದ್ದಿ ಹೇಳಲು ಹೋದಾಗ ಸಿದ್ದಮ್ಮ ಹೊಸ ರೊಪ್ಪಕ್ಕೆ ಮುಳ್ಳು ಎಳೆಯುತ್ತಿದ್ದರು. ಪಕ್ಕದ ಕಂಬಳಿಯ ಮೇಲೆ ದೊಡ್ಡ ಮಗಳ ಎಳೆಗೂಸು ಮಲಗಿತ್ತು. ಆ ಜಾಗ ನಾನು ಸೊನ್ನೆ ಬರೆದಿದ್ದ ಚೌಕಗಳಲ್ಲಿ ಒಂದು. ಖಾಲಿ ಜಾಗ ಕಂಡ ಕೂಡಲೇ ಯಾರನ್ನೂ ದೂರಬಾರದೆಂದು ನನ್ನ ಕೆಲಸ ನನಗೆ ಕಲಿಸಿದ್ದು ಅಲ್ಲಿ.

"ಇದು ಈ ಕೂಸಿನ ರೊಪ್ಪ" ಎಂದರು ಸಿದ್ದಮ್ಮ. "ಇದು ದೊಡ್ಡದಾದ ಮ್ಯಾಲೆ ಬರ್ರಿ ಸ್ವಾಮಿ, ಇಲ್ಲೇ ಜಾಲಿ ನೆಳ್ಳಾಗೆ ಕುಂತ್ಕಳಾಣ."