ಖಾಲಿ ಬಿಟ್ಟ ಮೂರು ಸಾಲು

ಸಂಶಯ ನನ್ನ ಹುಟ್ಟುಗುಣ. ತಕ್ಕಡಿಯ ಮುಳ್ಳು ನೋಡದೆ ಕಾಲು ಕಿಲೊ ಬದನೆಕಾಯಿಯನ್ನೂ ಚೀಲಕ್ಕೆ ಹಾಕಿಸಿಕೊಂಡವನಲ್ಲ ನಾನು. ಇಂಥವನಿಗೆ ನಕ್ಷೆಯ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ಆಸುಪಾಸು, ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆಗಳ ಕಚೇರಿ. ಖಾನಾಪುರ ತಾಲೂಕಿನ ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸಿ, ಕೆಳಗೆ ಉಪಗ್ರಹ ತೆಗೆದ ಚಿತ್ರವನ್ನು ಹಾಸಿಕೊಂಡು, ಗದ್ದೆ ಎಲ್ಲಿ ಮುಗಿಯುತ್ತದೆ, ಗುಡ್ಡ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ನನ್ನ ಕೆಲಸ. ಅನುಮಾನ ಬಂದಲ್ಲಿ ಬಸ್ಸು ಹತ್ತಿ ಹೋಗಿ, ನಡೆದು ನೋಡಿ ಬರುತ್ತಿದ್ದೆ. ಅನುಮಾನ ಬರದ ಗೆರೆ ಒಂದೂ ಇರಲಿಲ್ಲ ಅನ್ನಿ.

ನಮ್ಮದು ಗಡಿಯ ಊರು. ನಕ್ಷೆ ಬಿಡಿಸುವವನು ಎಂದರೆ ಸಾಕು, ನೀನು ಯಾರ ಕಡೆಯವನು ಎಂದು ಕನ್ನಡದಲ್ಲಿ ಒಬ್ಬ, ಮರಾಠಿಯಲ್ಲಿ ಇನ್ನೊಬ್ಬ ಕೇಳುತ್ತಿದ್ದ. ಹೀಗಾಗಿ ನಾನು ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ತಂತ್ರಾಂಶವೂ ನನ್ನಂಥದ್ದೇ. ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆರಳಿನಷ್ಟು ದಪ್ಪದ ಬೀಗದ ತುಂಡು ಸಿಕ್ಕಿಸದಿದ್ದರೆ ಅದು ತೆರೆಯುತ್ತಿರಲಿಲ್ಲ; ಅದರಲ್ಲಿ ಮಾಡಿದ ಫೈಲು ಬೇರೆ ತಂತ್ರಾಂಶಕ್ಕೆ ತಿಳಿಯುತ್ತಿರಲಿಲ್ಲ. ಸಂಜೆ ಹೊರಡುವಾಗ ಆ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಕೆಲಸದ ಒಂದು ಸಿ.ಡಿ. ಮನೆಯ ಅವಲಕ್ಕಿ ಡಬ್ಬಿಯಲ್ಲಿ ಇರುತ್ತಿತ್ತು.

"ಒಂದಿನ ಅವಲಕ್ಕಿ ಒಗ್ಗರಣಿ ಹಾಕೂಮುಂದ ನಿಮ್ಮ ಖಾನಾಪುರಾನೂ ಹುರದು ಬಿಡತೇನಿ ನೋಡ್ರಿ," ಎಂದು ಹೆಂಡತಿ ಕಾಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ಖಾನಾಪುರದ ಸಂಸ್ಥೆಯೊಂದರಿಂದ ಒಬ್ಬ ತರುಣಿ ಬಂದರು. ನಂದಗಡದ ಸುತ್ತಿನ ಬೋಳುಗುಡ್ಡಗಳಲ್ಲಿ ಸಸಿ ನೆಡಿಸುವುದು ಆ ಸಂಸ್ಥೆಯ ಕೆಲಸ, ಅಲ್ಲಿನ ನಕ್ಷೆಗಳ ಉಸ್ತುವಾರಿ ಈಕೆಯದು.

"ಗುಡ್ಡದ ಗೆರಿ ನಮಗ ಬೇಕ್ರಿ ಸರ್. ಆದ್ರ ಬೀಗ ಹಾಕಿದ್ದು ಬ್ಯಾಡ. ಮುಕ್ತ ರೂಪದಾಗ ಕೊಡ್ರಿ."

"ಅಂದ್ರ?"

"ಅಕ್ಷರದಾಗ ಬರದಿರತೈತ್ರಿ. ಹೆಂಗ ಬರೀಬೇಕು ಅನ್ನೂ ನಿಯಮ ಎಲ್ಲಾರಿಗೂ ಗೊತ್ತಿರತಾವ. ಯಾವ ಕಂಪ್ಯೂಟರಿನಾಗ ಬೇಕಾದ್ರೂ, ಯಾರು ಬೇಕಾದ್ರೂ ಓದಬಹುದು."

ಯಾರು ಬೇಕಾದರೂ! ನನ್ನ ಕಿವಿ ನೆಟ್ಟಗಾದವು. ಮೂರು ವರ್ಷ ಕಾಲು ಸವೆಸಿ ಎಳೆದ ಗೆರೆಯನ್ನು ಯಾರು ಬೇಕಾದರೂ ಓದುವುದೆಂದರೇನು? ಆಕೆ ಒಂದು ಮಾದರಿ ಹಾಳೆ ತೋರಿಸಿದರು. ಫೈಲಿನ ತಲೆಯ ಮೇಲೆ ನಾಲ್ಕು ಸಾಲು ತುಂಬಬೇಕು: ಯಾರು ಎಳೆದದ್ದು, ಯಾವ ಹಾಳೆಯಿಂದ ಎಳೆದದ್ದು, ಯಾವ ವರ್ಷದ್ದು, ಭೂಮಿಯ ಆಕಾರದ ಯಾವ ಲೆಕ್ಕ ಹಿಡಿದು ಅಳೆದದ್ದು.

"ಇದು ನಕ್ಷಾದ ಜಾತಕ ಇದ್ದಂಗ್ರಿ ಸರ್," ಎಂದು ನಕ್ಕರು. ಆ ನಗುವನ್ನೂ ನಾನು ನಂಬಲಿಲ್ಲ.

ನಮ್ಮ ಕಚೇರಿಯ ಯಜಮಾನರು ಧಾರಾಳಿ. ಕೊಟ್ಟುಬಿಡು ಎಂದರು. ಅವರ ಮಾತು ಮೀರುವಂತಿರಲಿಲ್ಲ, ಕೊಟ್ಟೆ. ಆದರೆ ನಾಲ್ಕು ಸಾಲುಗಳಲ್ಲಿ ಮೊದಲನೆಯದನ್ನು, ಅಂದರೆ ನಮ್ಮ ಕಚೇರಿಯ ಹೆಸರನ್ನು, ಚೆನ್ನಾಗಿ ತುಂಬಿ, ಉಳಿದ ಮೂರನ್ನು ಬೇಕೆಂತಲೇ ಖಾಲಿ ಬಿಟ್ಟೆ. ಬೇಕಾದರೆ ನನ್ನ ಬಾಗಿಲಿಗೇ ಬರಲಿ ಎಂಬುದು ನನ್ನ ಹಂಚಿಕೆ.

ಬಾಗಿಲಿಗೆ ಬರಲಿಲ್ಲ, ಫೋನು ಬಂತು. "ಸರ್, ಮೂರು ಸಾಲು ಖಾಲಿ ಅದಾವಲ್ರೀ? ಅಳತಿ ಯಾವುದು ಹಿಡೀಬೇಕು?"

ಕೆದಕುತ್ತಿದ್ದಾಳೆ ಎಂದುಕೊಂಡೆ. "ಹಂಗ ಹಾಕ್ರಿ. ಬರೋಬರಿ ಕುಂದರತೈತಿ," ಎಂದು ಫೋನು ಇಟ್ಟೆ.

ಬರೋಬರಿ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಳೆಯ ನಕ್ಷೆಗಳು ಭೂಮಿಯ ಆಕಾರದ ಒಂದು ಲೆಕ್ಕದ ಮೇಲೆ ಅಳೆದವು. ಉಪಗ್ರಹದ ಸಂಕೇತ ಹಿಡಿದು ನಾವು ನಿಂತ ಜಾಗ ಹೇಳುವ ಕೈಯಂತ್ರ ಬಂದಿತ್ತಲ್ಲ, ಅದರ ಲೆಕ್ಕ ಬೇರೆ. ಒಂದೇ ಬಾವಿಗೆ ಎರಡೂ ಎರಡು ವಿಳಾಸ ಹೇಳುತ್ತವೆ. ಯಾವ ಲೆಕ್ಕ ಎಂದು ತಿಳಿಸಿದರೆ ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಕಷ್ಟವೇನಲ್ಲ. ತಿಳಿಸದಿದ್ದರೆ ಗೆರೆಗೆ ಗೆರೆಯೇ ಒಂದು ಹೊಲದಷ್ಟು ಪಕ್ಕಕ್ಕೆ ಸರಿದು ಕೂಡುತ್ತದೆ. ಕಾಗದದ ಮೇಲೇ ಈ ತಪ್ಪು ಅವರ ಕಣ್ಣಿಗೆ ಬೀಳುತ್ತದೆ, ಆಗ ಓಡಿ ಬರುತ್ತಾರೆ ಎಂದು ಕಾದು ಕೂತೆ. ಅವರು ನನ್ನ ಮಾತು ನಂಬಿದ್ದರು.

ದೀಪಾವಳಿ ಕಳೆದು, ಭತ್ತದ ಕೊಯ್ಲೂ ಮುಗಿದ ಮೇಲೆ ಮತ್ತೆ ಫೋನು ಬಂತು. ಈ ಸಲ ಆಕೆಯ ದನಿಯಲ್ಲಿ ನಗು ಇರಲಿಲ್ಲ. "ಹಲಸಿ ಕಡೆ ಒಂದು ಹಳ್ಳಿಗೆ ನೀವಽ ಬರಬೇಕ್ರಿ ಸರ್. ಒಬ್ಬಾಕಿ ಗುಂಡಿಯೊಳಗ ಕುಂತಾಳ, ಏಳವಲ್ಲಳು."

ತಪ್ಪನ್ನು ನನ್ನ ತಲೆಗೆ ಕಟ್ಟಲು ಕರೆಯುತ್ತಿದ್ದಾರೆ ಎಂದೇ ನಾನು ಬಸ್ಸು ಹತ್ತಿದ್ದು. ಖಾನಾಪುರದಿಂದ ಅವರ ಜೀಪು. ಆ ತರುಣಿಯೂ ಅದರಲ್ಲಿದ್ದರು.

ಗುಡ್ಡದ ಬುಡದಲ್ಲಿ ಒಂದು ಗದ್ದೆ. ಭತ್ತ ಕೊಯ್ದ ಮೇಲೆ ಕಡಲೆ ಬಿತ್ತಿದ್ದರು, ಮೊಳಕೆ ಬಂದಿತ್ತು. ಅರ್ಧ ಗದ್ದೆಯ ತುಂಬ ಸಾಲಾಗಿ ಸಸಿಯ ಗುಂಡಿಗಳು. ಮೊದಲ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಹಿಂದೆ ಎಮ್ಮೆ ಕಾಯ್ದುಕೊಂಡಿದ್ದು, ಎರಡು ತಲೆಮಾರಿನಿಂದ ಗದ್ದೆ ಮಾಡುತ್ತಿದ್ದ ಮನೆತನ ಅವಳದು. ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದಾಗ ಸಂಸ್ಥೆಯ ಆಳುಗಳು ಕೈಯಂತ್ರ ಹಿಡಿದು ಬಂದು, ಅದು ಗುಡ್ಡ ಎಂದು ತೋರಿಸಿದಲ್ಲೆಲ್ಲ ತೋಡಿ ಹೋಗಿದ್ದರು. ಅವಳ ಕೈಯಲ್ಲಿ ಹೊಲದ ಉತಾರ, ಅಂದರೆ ಪಹಣಿ ಪತ್ರ, ಇತ್ತು. ಅದನ್ನು ಯಾರೂ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ.

ಊರ ಹಿರಿಯರೊಬ್ಬರು ಸಸಿ ನೆಡುವ ಗುಡ್ಡದ ಜಮೀನುಗಳ ಪಟ್ಟಿ ಹಿಡಿದು ನಿಂತಿದ್ದರು. ಅದಕ್ಕೆ ಅವತ್ತೇ ಊರವರ ಸಹಿ ಬೀಳಬೇಕು. ಅವಳ ಅರ್ಧ ಗದ್ದೆ ಅದರಲ್ಲಿ ಸೇರಿತ್ತು.

"ಉತಾರ ಮನಷಾ ಬರದದ್ದು, ಹೆಚ್ಚುಕಮ್ಮಿ ಆಗತೈತಿ," ಎಂದರು ಹಿರಿಯರು. "ಈ ನಕ್ಷಾ ಮ್ಯಾಲಿಂದ ತಗದ ಫೋಟೊ. ಅದಕ್ಕೇನು ನಿನ್ನ ಮ್ಯಾಲ ಸಿಟ್ಟೇನವಾ? ನಿಮ್ಮ ಮಾವ ಗುಡ್ಡ ಒತ್ತಿರಬೇಕು, ಒಪ್ಪಿಕೊಂಡು ಬಿಡು."

ಬದುವಿನ ಮೇಲೆ ನಿಂತಿದ್ದ ನಾಲ್ಕಾರು ಜನ ತಲೆ ಆಡಿಸಿದರು. ನೆಲ ಹೋಗುವುದು ಒಂದು ಕಡೆ, ಕಳ್ಳರ ಮನೆತನ ಎಂಬ ಹೆಸರು ಇನ್ನೊಂದು ಕಡೆ. ಅವಳು ಗುಂಡಿ ಬಿಟ್ಟು ಏಳಲಿಲ್ಲ.

ನಾನು ಕೈಯಂತ್ರವನ್ನೂ ನಕ್ಷೆಯ ಹಾಳೆಯನ್ನೂ ಇಸಿದುಕೊಂಡು ಪಕ್ಕದ ಬಾವಿಯ ಹತ್ತಿರ ಹೋದೆ. ನಾನು ನಿಂತದ್ದು ಬಾವಿಯ ಕಟ್ಟೆಯ ಮೇಲೆ. ನಕ್ಷೆಯಲ್ಲಿ ಬಾವಿ ಇದ್ದದ್ದು ಒಂದು ಹೊಲದಾಚೆ. ದಾರಿ ಕೂಡುವಲ್ಲಿ ನೋಡಿದೆ, ಅದೂ ಅದೇ ದಿಕ್ಕಿಗೆ ಅಷ್ಟೇ ಸರಿದಿತ್ತು. ನೋಡಬೇಕಾದದ್ದೇನೂ ಇರಲಿಲ್ಲ, ಹೊತ್ತು ಕಳೆಯುತ್ತಿದ್ದೆ ಅಷ್ಟೇ. ಯಂತ್ರ ಕೆಟ್ಟಿದೆ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ತರುಣಿ ಎಲ್ಲರೆದುರು ಹೇಳಿದರು, "ತಪ್ಪು ನಮ್ಮ ಕಡೆಯಿಂದ ಆಗೇತ್ರಿ. ಅಳತಿ ಪಕ್ಕಾ ತಿಳಕೊಳ್ಳದ ನಾನಽ ಗುಂಡಿ ತೋಡಿಸೇನಿ."

ಆಕೆ ಬೆರಳನ್ನು ನನ್ನ ಕಡೆ ತೋರಿಸಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ತೋರಿಸಲಿಲ್ಲ. ನನಗೆ ನಾಚಿಕೆಯಾಯಿತು.

"ಇವರದಲ್ಲ, ತಪ್ಪು ನಂದು," ಎಂದೆ. "ನಕ್ಷಾದಾಗ ಮೂರು ಸಾಲು ಬರೀಬೇಕಿತ್ತು. ಬರೀಲಿಲ್ಲ. ಇವರು ಕೇಳಿದಾಗೂ ಹೇಳಲಿಲ್ಲ. ಅಕ್ಕಾರ ಹೊಲ ಅವರದ್ದಽ ಐತಿ."

ಗುಂಡಿಯಲ್ಲಿದ್ದವಳು ಮೊದಲ ಸಲ ತಲೆ ಎತ್ತಿದಳು. "ಯಾಕ ಬರೀಲಿಲ್ರಿ ಸಾಹೇಬ್ರ?"

"ಯಾರಾದ್ರೂ ಕದ್ದಾರು ಅಂತ."

"ನನ್ನ ಹೊಲದ ನಕ್ಷಾ ನಾನು ಕದೀತಿದ್ದೆನೇನ್ರಿ?"

ಮೂರು ವರ್ಷ ಆ ತಾಲೂಕು ತಿರುಗಿದ್ದೇನೆ. ಆ ಗದ್ದೆಯ ಬದುವಿನ ಮೇಲೂ ನಡೆದಿದ್ದೇನೆ, ಅವರಿವರ ಮನೆಯ ನೀರು ಕುಡಿದಿದ್ದೇನೆ. ನಕ್ಷೆ ಅವರಿಗೂ ಸೇರಿದ್ದು ಎಂದು ಒಂದು ದಿನವೂ ಅನಿಸಿರಲಿಲ್ಲ.

"ಬಾಯಿಮಾತು ಬ್ಯಾಡ. ಬರದು ಕೊಡ್ರಿ," ಎಂದಳು.

ನಕ್ಷೆಯ ಹಾಳೆಯ ಬೆನ್ನಿಗೆ, ಜೀಪಿನ ಮುಂಭಾಗದ ಮೇಲೆ ಇಟ್ಟು, ಅಚ್ಚ ಕನ್ನಡದಲ್ಲಿ ಬರೆದೆ: ಯಾವ ಹಾಳೆಯಿಂದ ಎಳೆದದ್ದು, ಯಾವ ವರ್ಷದ್ದು, ಯಾವ ಲೆಕ್ಕ ಹಿಡಿದು ಅಳೆದದ್ದು. ಅವಳ ಗದ್ದೆ ಗುಡ್ಡದ ಗೆರೆಯ ಹೊರಗಿದೆ ಎಂದೂ, ಈ ಸಂಗತಿಗಳನ್ನು ನಾನು ಮುಚ್ಚಿಟ್ಟಿದ್ದರಿಂದ ಗುಂಡಿ ತೋಡಿದ್ದಾಯಿತೆಂದೂ ಸೇರಿಸಿ ಸಹಿ ಹಾಕಿದೆ. ಓದಿ ಹೇಳಲು ಬಾಯಿ ತೆರೆದೆ.

"ನೀವು ಓದಬ್ಯಾಡ್ರಿ," ಎಂದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಾಗದ ಇಸಿದುಕೊಂಡು ತರುಣಿಗೆ ಕೊಟ್ಟಳು. ಆಕೆ ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ಇವಳು ಗುಂಡಿಯಿಂದ ಎದ್ದು ಅದನ್ನು ಒಯ್ದು, ತನ್ನ ಮಾವ ಗುಡ್ಡ ಒತ್ತುವರಿ ಮಾಡಿದನೆಂದಿದ್ದ ಆ ಹಿರಿಯರ ಕೈಗೇ ಇಟ್ಟಳು. ಅವರು ಕನ್ನಡಕ ಏರಿಸಿಕೊಂಡು, ತಡೆತಡೆದು, ಒಂದೊಂದೇ ಶಬ್ದ ಓದಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು. ಹಿರಿಯರು ಪಟ್ಟಿಯಲ್ಲಿ ಅವಳ ಗದ್ದೆಯ ಮೇಲೆ ಅಡ್ಡಗೆರೆ ಎಳೆದರು.

ಅವಳು ಕಾಗದವನ್ನು ಉತಾರದ ಜೊತೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಲಿಕೆ ತೆಗೆದುಕೊಂಡು ಗುಂಡಿ ಮುಚ್ಚತೊಡಗಿದಳು. ಬದುವಿನ ಮೇಲೆ ಇನ್ನೊಂದು ಸಲಿಕೆ ಬಿದ್ದಿತ್ತು. ನಾನು ಬಗ್ಗಿ ಅದಕ್ಕೆ ಕೈ ಹಾಕಿದೆ.

"ಅದನ್ನ ಅಲ್ಲೇ ಇಡ್ರಿ ಸಾಹೇಬ್ರ," ಎಂದಳು, ತಿರುಗಿ ನೋಡದೆ.